ನಲವತ್ತು ದಿನದ ಬಿಸಿನೀರು

ಬನಹಟ್ಟಿಯ ಚನಮಲ್ಲಪ್ಪನ ಮನೆಯಲ್ಲಿ ಬಚ್ಚಲ ಒಲೆ ದಿನಕ್ಕೆ ಎರಡು ಸಲ ಉರಿಯುತ್ತಿದ್ದ ಕಾಲವೊಂದಿತ್ತು. ಹಾಗೆ ಉರಿದದ್ದು ಐದೇ ವರ್ಷ. ಆದರೂ ಆ ಮನೆಯವರ ಬಾಯಲ್ಲಿ ‘ಛಲೋ ದಿನ’ ಎಂದರೆ ಇವತ್ತಿಗೂ ಅವೇ ಐದು ವರ್ಷ.

ಅದಕ್ಕೂ ಮೊದಲು, ಕೈಮಗ್ಗದ ಕಾಲದಲ್ಲಿ, ಅವರಿಗೆ ಬಿಸಿನೀರೆಂದರೆ ಸೋಮವಾರ. ವಾರಕ್ಕೊಮ್ಮೆ ಮನೆಮಂದಿಯೆಲ್ಲ ಸರದಿಯಲ್ಲಿ ಎರೆದುಕೊಳ್ಳುವುದು, ಮಿಕ್ಕ ದಿನ ಕೈಕಾಲು ಮುಖ ತೊಳೆದರೆ ಆಯಿತು. ಅರವತ್ತೊಂಬತ್ತರಲ್ಲಿ ಮಗ ಪರಮಾನಂದ ಎರಡು ವಿದ್ಯುತ್ ಮಗ್ಗ ಹಾಕಿಸಿದ. ಎರಡು ದಿನಕ್ಕೊಂದು ಇಳಿಯುತ್ತಿದ್ದ ಸೀರೆ ದಿನಕ್ಕೆ ನಾಲ್ಕು ಇಳಿಯತೊಡಗಿದವು. ಕೈಯಲ್ಲಿ ರೊಕ್ಕ ಆಡಿದ ಹಾಗೆ ಮನೆಯಲ್ಲಿ ಬೆಂಕಿಯೂ ಬೆಳೆಯಿತು. ಮೊದಲು ಚಹಾಕ್ಕೆಂದು ಒಂದು ಚಿಮಣಿ ಎಣ್ಣೆಯ ಸ್ಟವ್ ಬಂತು. ವರ್ಷದೊಳಗೆ ಬೇಳೆ ಬೇಯಿಸಲು ಇನ್ನೊಂದು. ಪಡಸಾಲೆಗೊಂದು, ಅಡುಗೆಮನೆಗೊಂದು ಬಲ್ಬು. ಗೋಡೆಯ ಮಾಡದಲ್ಲಿ ರೇಡಿಯೋ. ಅಲ್ಲಿಯತನಕ ಒಂದೊಂದೇ ಕಟ್ಟಿಗೆ ಎಣಿಸಿ ಒಲೆಗಿಡುತ್ತಿದ್ದ ಚನಮಲ್ಲಪ್ಪನ ಹೆಂಡತಿ ಅನಸವ್ವ, ಜಾಲಿ ಕಟ್ಟಿಗೆಯನ್ನು ಬಂಡಿಗಟ್ಟಲೆ ತರಿಸಿ ಹಿತ್ತಲಲ್ಲಿ ಒಟ್ಟಿಸತೊಡಗಿದಳು. ಬೆಳಿಗ್ಗೆ ಎಲ್ಲರಿಗೂ ಬಿಸಿನೀರು. ಸಂಜೆ ಮಗ್ಗದ ಮನೆಯಿಂದ ತಲೆ ತುಂಬ ಅರಳೆಯ ತುಪ್ಪಳ ಹೊತ್ತು ಬರುವ ಪರಮಾನಂದನಿಗೆ ಮತ್ತೊಮ್ಮೆ ಬಿಸಿನೀರು. ಸಂಜೆ ಆ ಓಣಿಯಲ್ಲಿ ಕಾಲಿಟ್ಟರೆ ಜಾಲಿಯ ಹೊಗೆ, ಸಾಬೂನಿನ ವಾಸನೆ, ಪಡಸಾಲೆಯಿಂದ ರೇಡಿಯೋದ ಮರಾಠಿ ಹಾಡು ಎಲ್ಲ ಒಟ್ಟಿಗೇ ಎದುರಾಗುತ್ತಿದ್ದವು.

ಎಪ್ಪತ್ತನಾಲ್ಕರ ದೀಪಾವಳಿ ಮುಗಿದ ವಾರ ಮಗಳು ಲಗಮವ್ವ ಚೊಚ್ಚಲ ಹೆರಿಗೆಗೆಂದು ಗಂಡನ ಊರಾದ ಲೋಕಾಪುರದಿಂದ ತವರಿಗೆ ಬಂದಳು. ಅದೇ ವಾರ, ಮಗ್ಗಗಳಿಗೆ ಇನ್ನು ಮೇಲೆ ಕರೆಂಟು ದಿನಕ್ಕೆ ನಾಲ್ಕೇ ತಾಸು ಎಂಬ ಸುದ್ದಿಯೂ ಬಂತು.

“ನಾಲ್ಕ ತಾಸಿನ್ಯಾಗ ಏನ ನೇಯೂದು ಬೇ?” ಪರಮಾನಂದ ತಾಯಿಯ ಮುಂದೆ ತಲೆ ಕೆರೆದುಕೊಂಡ. “ಹರದ ಎಳಿ ಕಟ್ಟೂದರಾಗ ಒಂದ ತಾಸ ಹೋಗತೈತಿ.”

“ಕೂಲಿ?”

“ಕೂಲಿ ಸೀರಿ ಮ್ಯಾಲ. ಸೀರಿ ಇಲ್ಲಂದ್ರ ಕೂಲಿ ಎಲ್ಲಿಂದ ಬರಬೇಕ? ಮೊದಲಿನ ಅರ್ಧಾನೂ ಬರೂದಿಲ್ಲ.”

ಅಂಗಡಿಯಲ್ಲಿ ಚಿಮಣಿ ಎಣ್ಣೆಯ ದರ ಒಂದೇ ವರ್ಷದಲ್ಲಿ ಒಂದೂವರೆ ಪಟ್ಟಾಗಿತ್ತು. ಅದೂ ಅರ್ಧ ದಿನ ಸಾಲಿನಲ್ಲಿ ನಿಂತವರಿಗೆ ಎರಡು ಲೀಟರು. ಊರವರೆಲ್ಲ ಎಣ್ಣೆ ಬಿಟ್ಟು ಕಟ್ಟಿಗೆಗೆ ಮುಗಿಬಿದ್ದದ್ದರಿಂದ ಕಟ್ಟಿಗೆಯ ಬಂಡಿಯೂ ತುಟ್ಟಿಯಾಯಿತು. ಹೋದ ವರ್ಷ ಎರಡು ಬಂಡಿ ಬರುತ್ತಿದ್ದ ರೊಕ್ಕಕ್ಕೆ ಈಗ ಒಂದು ಬಂಡಿ. ಒಂದು ಬಂಡಿಗೂ ಈಗ ಯೋಚಿಸಬೇಕು.

ಅನಸವ್ವ ಹೆಚ್ಚು ಯೋಚಿಸಲಿಲ್ಲ. ಎರಡೂ ಸ್ಟವ್‌ಗಳನ್ನು ತೊಳೆದು ಒರೆಸಿ, ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದಳು.

“ಅತ್ತಿ, ಚಾಕ್ಕರ ಒಂದ ಇರಲಿರಿ,” ಎಂದಳು ಸೊಸೆ ಸಾತವ್ವ.

“ಒಲಿ ಮ್ಯಾಲ ಚಾ ಆಗೂದಿಲ್ಲೇನ? ಮುಂಜಾನಿ ರೊಟ್ಟಿ ಬಡಿಯೂ ಮುಂದ ಒಂದ ಸಲ ಕಾಸು. ಎಲ್ಲಾರೂ ಕೂಡಿ ಕುಡೀಲಿ. ರೊಟ್ಟಿನೂ ಅಷ್ಟ, ಎರಡೂ ಹೊತ್ತಿಂದು ಮುಂಜಾನೇನ ಬಡದ ಬಿಡು. ಸಂಜಿಕ ಮತ್ತ ಒಲಿ ಯಾಕ ಹೊತ್ತಸೂದು?”

ಹೀಗೆ ನಾಲ್ವರು ನಾಲ್ಕು ಹೊತ್ತಿಗೆ ಕುಡಿಯುತ್ತಿದ್ದ ಚಹಾ ಒಂದು ಹೊತ್ತಿಗೆ ಬಂತು. ಬೆಳಗಿನ ಆರೂವರೆಗೆ ಎಲ್ಲರೂ ಒಲೆಯ ಸುತ್ತ ಕುಕ್ಕರುಗಾಲಲ್ಲಿ ಕೂತು ಚಹಾದ ಬಸಿ ಹಿಡಿಯುತ್ತಿದ್ದರು. ಸಾತವ್ವ ರೊಟ್ಟಿ ಬಡಿಯುವ ಸದ್ದಿಗೆ ಮಾತು ಸೇರುತ್ತಿತ್ತು. ಮುಂದೆ ಆ ಮನೆಗೆ ಗ್ಯಾಸು ಬಂತು, ಅವರವರ ಚಹಾ ಅವರವರ ಹೊತ್ತಿಗೆ ಹೋಯಿತು. ಪರಮಾನಂದನಿಗೆ ಮಾತ್ರ ವಯಸ್ಸಾದ ಮೇಲೂ ಆ ಚಳಿಗಾಲದ ಒಂದು ಬಸಿ ಚಹಾದ ರುಚಿ ಮರೆಯಲಿಲ್ಲ. ಅದರಲ್ಲಿ ಸಕ್ಕರೆಯೂ ಕಡಿಮೆಯೇ ಇತ್ತು.

ಓಣಿಯಲ್ಲೂ ಹಳೆಯ ರೂಢಿಗಳು ಮರಳಿದವು. ಐದು ವರ್ಷ ಪ್ರತಿ ಮನೆಯವರೂ ಅವರವರ ಕಡ್ಡಿ ಗೀರಿ ಒಲೆ ಹೊತ್ತಿಸಿದ್ದರು. ಈಗ ಮೊದಲು ಯಾರ ಮನೆಯ ಮಾಳಿಗೆಯ ಗವಾಕ್ಷಿಯಲ್ಲಿ ಹೊಗೆ ಕಾಣುತ್ತದೋ ಅವರ ಮನೆಗೆ ಉಳಿದವರು ಕೆಂಡಕ್ಕೆ ಹೋಗುತ್ತಿದ್ದರು. ಸಾತವ್ವನ ಎಂಟು ವರ್ಷದ ಮಗಳು ತಾಯವ್ವ ಒಡಕು ಕುಡಿಕೆಯಲ್ಲಿ ಎರಡು ಕೆಂಡ ಹಾಕಿಕೊಂಡು, ಊದುತ್ತ ಊದುತ್ತ ಓಡಿ ಬರುತ್ತಿದ್ದಳು.

ಬಚ್ಚಲ ಒಲೆಗೂ ಅನಸವ್ವ ಅಪ್ಪಣೆ ಹೊರಡಿಸಿದಳು. “ಇನ್ನ ಮ್ಯಾಲ ಸೋಮವಾರಕ್ಕ ಒಮ್ಮಿ. ಹಿತ್ತಲದಾಗಿನ ಒಟ್ಟಲ ಲಗಮವ್ವನ ಬಾಣಂತನಕ್ಕ. ನಲವತ್ತ ದಿನಾ ಎರೀಬೇಕ. ಮತ್ತ ಕೇಳ್ರಿ, ಆಕಿ ಮುಂದ ಯಾರೂ ಕಟಿಗಿ ಮಾತ ಎತ್ತಬಾರದು. ಬಸರಿ ಹೆಣಮಗಳು, ಮನಸಿಗೆ ಹಚಗೊಂಡಾಳು.”

ಚನಮಲ್ಲಪ್ಪನಿಗೆ ಅರವತ್ತು ದಾಟಿತ್ತು, ಮೊಣಕಾಲು ಹಿಡಿಯುತ್ತಿದ್ದವು. ಬೆಳಗಿನ ಬಿಸಿನೀರು ಅವನಿಗೆ ಔಷಧ. ಎರಡು ದಿನ ಮುಖ ಊದಿಸಿಕೊಂಡು ಜಳಕವನ್ನೇ ಮಾಡಲಿಲ್ಲ. ಮೂರನೆಯ ದಿನ ಚುಮುಚುಮು ಬೆಳಗಿನಲ್ಲಿ ಬಾವಿಕಟ್ಟೆಯ ಮೇಲೆ ಕೂತು ಕೊಡ ಕೊಡ ತಣ್ಣೀರು ಸುರುವಿಕೊಂಡ. “ಹರ ಹರಾ!” ಎಂಬ ಕೂಗು ಓಣಿಯ ತುದಿಯವರೆಗೆ ಕೇಳಿತು.

ಲಗಮವ್ವ ಗಾಬರಿಯಿಂದ ಹೊರಗೆ ಬಂದಳು. “ಅಪ್ಪಾ, ಈ ಚಳಿಯಾಗ ತಣ್ಣೀರ ಯಾಕ?”

“ತಣ್ಣೀರ ಜಳಕಾ ಮಾಡಿದ್ರ ಮೊಣಕಾಲ ನೋವ ಹೋಗತೈತಿ ಅಂತ ಹೇಳ್ಯಾರ.”

“ಯಾರ ಹೇಳ್ಯಾರ?”

“ಹೇಳ್ಯಾರ,” ಎಂದು ಚನಮಲ್ಲಪ್ಪ ಹಲ್ಲು ಕಟಕಟಿಸುತ್ತ ಒಳಗೆ ಹೋದ.

ಎಳ್ಳಮಾವಾಸ್ಯೆ ಕಳೆದ ನಾಲ್ಕನೆಯ ದಿನ ಲಗಮವ್ವ ಹೆಣ್ಣು ಹೆತ್ತಳು. ಓಣಿಯ ಬಾಣಂತಿಯರಿಗೆಲ್ಲ ಎರೆಯುತ್ತಿದ್ದ ಮುದಕವ್ವ ಬಂದಳು. ಎತ್ತರದ ಗಟ್ಟಿ ಮುದುಕಿ. ಅವಳ ಕೈಗೆ ಬಿಸಿ ತಾಗುತ್ತಲೇ ಇರಲಿಲ್ಲ. ಹಂಡೆಯೊಳಗೆ ಬೆರಳದ್ದಿ, “ಇನ್ನೊಂದ ಕುದಿ ಬರಲಿ,” ಎನ್ನುವಳು. ಔಡಲೆಣ್ಣೆ ಅರಿಷಿಣ ಹಚ್ಚಿ ತಿಕ್ಕಿ, ಸೊಂಟಕ್ಕೆ ತಂಬಿಗೆ ತಂಬಿಗೆ ಬಿಸಿನೀರು ಬೀಸಿ ಹೊಡೆಯುವಳು. ದೊಡ್ಡ ಹಂಡೆಗಳು ಎರಡು ಬೇಕು. ಎರೆದ ಮೇಲೆ ಬಾಣಂತಿ ಮಲಗುವ ಹೊರಸಿನ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ, ಕೆಂಡದ ಮೇಲೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ. ಆ ಹೊಗೆಯಲ್ಲಿ ತಾಯಿ ಮಗು ಮಧ್ಯಾಹ್ನದವರೆಗೆ ನಿದ್ದೆ ಹೋಗುವರು.

ಅನಸವ್ವ ಕೂಡಿಟ್ಟ ಕಟ್ಟಿಗೆಯ ಒಟ್ಟಲು ಇಪ್ಪತ್ತು ದಿನಕ್ಕಾದರೂ ಬರುತ್ತದೆಂದು ಎಣಿಸಿದ್ದಳು. ಆರು ದಿನಕ್ಕೆ ಅರ್ಧವಾಯಿತು.

“ಹಿಂಗಾದ್ರ ಹ್ಯಾಂಗ?” ಎಂದು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಕೇಳಿದಳು. “ಒಂದ ಬಂಡಿ ಹೇಳೋ ಪರಮಾನಂದ.”

“ಬಂಡಿ ಹೇಳಲಿ, ಜ್ವಾಳ ತರಲಿ? ಒಂದ ಹೇಳ ಬೇ.”

ಸಾತವ್ವ ರೊಟ್ಟಿ ತಿರುವಿ ಹಾಕುತ್ತ ಅಂದಳು: “ಓಣ್ಯಾಗಿನ ಹೆಂಗಸರು ಜಗದಾಳ ಊರ ಹೊಲಕ್ಕ ಹತ್ತಿ ಕಟಿಗಿ ಕೀಳಾಕ ಹೊಂಟಾರಂತ. ನಾನೂ ಹೋಗತೇನಿ.”

“ನೀ? ನೇಕಾರ ಮನ್ಯಾಕಿ, ಬಿಸಲಾಗ ಹೊಲದಾಗ?” ಪರಮಾನಂದನಿಗೆ ಅವಮಾನವಾದಂತಾಯಿತು.

“ಕರೆಂಟ ಇಲ್ಲದಾಗ ನಾ ಕಂಡಿಕಿಗೆ ನೂಲ ಸುತ್ತಿ ಯಾರಿಗೆ ಕೊಡ್ಲಿ?”

ಹೋದ ವರ್ಷದವರೆಗೆ ಹತ್ತಿ ಬಿಡಿಸಿದ ಮೇಲೆ ಹೊಲದವರು ‘ಕಿತ್ತಗೊಂಡ ಹೋಗ್ರಿ, ಹೊಲಾ ಹಸನ ಆಗತೈತಿ’ ಎಂದು ತಾವೇ ಕರೆಯುತ್ತಿದ್ದರು. ಈ ವರ್ಷ ಮೂರು ಹೊರೆ ಕಿತ್ತರೆ ಎರಡು ಹೊಲದವರಿಗೆ, ಒಂದು ಕಿತ್ತವರಿಗೆ. ನೆಲದಲ್ಲಿ ಗಟ್ಟಿಯಾಗಿ ನಿಂತ ಗಿಡವನ್ನು ಬೇರುಸಹಿತ ಎಳೆಯಬೇಕು. ನೂಲಿನ ಎಳೆ ಹಿಡಿದು ಮೆತ್ತಗಾಗಿದ್ದ ಸಾತವ್ವನ ಅಂಗೈ ಎರಡೇ ದಿನಕ್ಕೆ ಬೊಬ್ಬೆ ಬಂದು ಒಡೆಯಿತು. ಬಟ್ಟೆ ಸುತ್ತಿಕೊಂಡು ಮೂರನೆಯ ದಿನವೂ ಹೋದಳು. ಸಂಜೆ ತಲೆಯ ಮೇಲೆ ಹೊರೆ ಹೊತ್ತು ಬಂದು ಹಿತ್ತಲಲ್ಲಿ ಇಳಿಸುವಾಗ ಸೊಂಟ ಹಿಡಿದು ಒಂದು ಗಳಿಗೆ ನಿಲ್ಲುತ್ತಿದ್ದಳು. ಹತ್ತಿ ಕಟ್ಟಿಗೆ ಜಾಲಿಯಂತಲ್ಲ, ಭರ್ರನೆ ಉರಿದು ಬೂದಿಯಾಗುತ್ತದೆ. ಅವಳು ದಿನವಿಡೀ ಕಿತ್ತದ್ದು ಮರುದಿನದ ಎರಡು ಹಂಡೆಗೆ ಸರಿಯಾಗುತ್ತಿತ್ತು.

ಹದಿಮೂರನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದರು. ಲೋಕಾಪುರದಿಂದ ಬೀಗರು ಹನ್ನೊಂದು ಮಂದಿ ಬಂದರು. ಲಗಮವ್ವನ ಗಂಡ ಹುಲೆಪ್ಪನಿಗೆ ಲಾರಿಯ ವ್ಯವಹಾರ, ಕೈಯಲ್ಲಿ ರೊಕ್ಕ ಆಡುತ್ತಿತ್ತು. ಅವನ ತಾಯಿ ಬಚ್ಚಲಮನೆಯೊಳಗೆ ಒಮ್ಮೆ ಇಣುಕಿ ಕೇಳಿದಳು: “ದಿನಾ ಎರಡ ಹಂಡೆ ಎರೀತೀರೇನ್ರಿ ಬೀಗತಿ?”

“ಎರಡ್ಯಾಕ್ರಿ, ಎರಡೂವರಿ,” ಎಂದಳು ಅನಸವ್ವ ನಗುತ್ತ.

ಅಂದು ಮೂರು ಒಲೆ ಹೊತ್ತಿದವು. ಹೋಳಿಗೆ, ಅನ್ನ, ಕಟ್ಟಿನ ಸಾರು. ಬಂದವರೆಲ್ಲರಿಗೆ ಕಾಲಿಗೂ ಬಿಸಿನೀರು. ಬೀಗರು ಸಂತೋಷದಿಂದ ಎರಡು ದಿನ ಇದ್ದು ಹೋದರು. ಅವರ ಬಸ್ಸು ಹೋದ ಮೇಲೆ ಅನಸವ್ವ ಹಿತ್ತಲಿಗೆ ಬಂದು ನೋಡಿದರೆ ಒಂದು ಹಂಡೆಗಾಗುವಷ್ಟು ಕಟ್ಟಿಗೆ ಉಳಿದಿತ್ತು.

ಮರುದಿನ ಬೆಳಿಗ್ಗೆ ತಾಯವ್ವ ಕೆಮ್ಮುತ್ತ ಬಚ್ಚಲ ಬಾಗಿಲಲ್ಲಿ ನಿಂತಳು. ನೆಗಡಿಯಿಂದ ಮೂಗು ಕೆಂಪಾಗಿತ್ತು. “ಆಯಿ, ನನಗ ಎರಡ ತಂಬಗಿ ಬಿಸಿನೀರ ಕೊಡು. ಎರಡ ಅಷ್ಟ.”

“ಹಂಡೆ ಮುಟ್ಟಬ್ಯಾಡ. ಅದು ಲಗಮವ್ವ ಅತ್ಯಾಗ ಐತಿ. ಅಲ್ಲೆ ತಣ್ಣೀರಿಲೆ ಮುಖಾ ತೊಳಕೊ,” ಎಂದಳು ಅಜ್ಜಿ ಅನಸವ್ವ.

ಅಡುಗೆಮನೆಯಿಂದ ಸಾತವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು. “ಮುಟ್ಟಲಿ ಬಿಡ್ರಿ. ಆ ನೀರ ಕಾಯೂ ಕಟಿಗಿ ನಾ ಕಿತ್ತ ತಂದದ್ದು. ನನ್ನ ಮಗಳಿಗೆ ಎರಡ ತಂಬಗಿ ಇಲ್ಲೇನ ಅದರಾಗ?”

“ಬಾಣಂತಿ ನೀರ ಅದು ಸಾತವ್ವಾ. ಕಡಿಮಿ ಆದ್ರ ನಾಳೆ ಆಕಿ ಸೊಂಟಾ ಹಿಡಕೊಂಡ ಕುಂದರಬೇಕು.”

“ನನ್ನ ಸೊಂಟ ಏನ ಕಬ್ಬಣದ್ದೇನ್ರಿ? ಇದನ್ನ ಹಡದಾಗ ನನಗ ಎಷ್ಟ ದಿನಾ ಎರದ್ರಿ? ಹನ್ನೊಂದ ದಿನಾ! ಹನ್ನೆರಡನೇ ದಿನಾ ಎದ್ದ ರೊಟ್ಟಿ ಬಡದೇನಿ. ನನಗ ತವರಾಗ ಅವ್ವ ಇದ್ದಿದ್ರ ಇಲ್ಲೆ ಯಾಕ ಹಡೀತಿದ್ದೆ? ಮಗಳಿಗೆ ನಲವತ್ತು, ಸೊಸಿಗೆ ಹನ್ನೊಂದು. ಇದ್ಯಾವ ನ್ಯಾಯರಿ?”

ಎಂಟು ವರ್ಷ ಬಾಯಿಗೆ ಬರದ ಮಾತು ಅದು. ಹೊರಗೆ ಬಂದ ಮೇಲೆ ಸಾತವ್ವನಿಗೇ ಅದರ ದನಿ ಕೇಳಿ ಹೆದರಿಕೆಯಾಯಿತು. ಅನಸವ್ವ ತಂಬಿಗೆ ತೆಗೆದುಕೊಂಡು ಮೊಮ್ಮಗಳನ್ನು ಕಲ್ಲಿನ ಮೇಲೆ ಕೂರಿಸಿ, ಎರಡಲ್ಲ, ಆರು ತಂಬಿಗೆ ಹಾಕಿದಳು.

ಮುದಕವ್ವ ಬಂದು ಹಂಡೆಯೊಳಗೆ ನೋಡಿ, “ಇದೇನ ಅನಸವ್ವ, ತಳಾ ಕಾಣಾಕತ್ತೈತಿ,” ಎಂದಳು.

ಒಳಗಿನ ಕತ್ತಲೆ ಕೋಣೆಯಿಂದ ಲಗಮವ್ವನ ದನಿ ಬಂತು. “ಇವತ್ತ ನನಗ ಬ್ಯಾಡ. ಇದ್ದಷ್ಟ ಕೂಸಿಗೆ ಹಾಕ್ರಿ.”

“ಏನಂತಿ? ಹದಿನಾರ ದಿನದ ಬಾಣಂತಿ ನೀ,” ಎಂದಳು ಅನಸವ್ವ.

“ನನಗ ಕಿವಿ ಅದಾವ ಬೇ ಯವ್ವಾ. ಅಪ್ಪ ತಣ್ಣೀರ ಯಾಕ ಸುರುವಕೊಂತಾನ, ಸಾತವ್ವ ವೈನಿ ಎಲ್ಲಿ ಹೋಗತಾಳ, ಎಲ್ಲಾ ಇವತ್ತ ಗೊತ್ತಾತು. ಆಕಿ ಕೈಯಾಗ ರಕ್ತಾ ಬರಿಸಿ ಕಾಸಿದ ನೀರ ನನ್ನ ಮೈಗೆ ಹತ್ತೂದಿಲ್ಲ.”

ಆ ದಿನ ಎರೆದುಕೊಳ್ಳಲಿಲ್ಲ, ಮರುದಿನವೂ ಇಲ್ಲ. ತಾಯಿ ಬೈದಳು, ಅತ್ತಳು, ಲಗಮವ್ವ ಗೋಡೆಗೆ ಮುಖ ಮಾಡಿ ಮಲಗಿದಳು. ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡದೆ ಊಟ ಮಾಡಿದರು. ಸಾತವ್ವ ಮಾತ್ರ ಮುಂಜಾನೆ ಎದ್ದು ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ಹೊಲಕ್ಕೆ ಹೋದಳು. ಅವಳ ಸಿಟ್ಟು ನಾದಿನಿಯ ಮೇಲಿರಲಿಲ್ಲ.

ಮೂರನೆಯ ದಿನ ಬೆಳಗಿನ ಚಹಾಕ್ಕೆ ಎಲ್ಲರೂ ಒಲೆಯ ಮುಂದೆ ಕೂತಾಗ ಅನಸವ್ವ ಅಟ್ಟದ ಕಡೆ ಕೈ ತೋರಿಸಿದಳು. “ಆ ಹಳೇ ಕೈಮಗ್ಗ ಇಳಸೋ ಪರಮಾನಂದ. ಸಾಗವಾನಿ ಕಟಿಗಿ. ಮೂವತ್ತ ವರ್ಷ ಒಣಗೇತಿ. ಹದಿನೈದ ದಿನಕ್ಕ ಧಾರಾಳ ಸಾಕು. ಯಾರ ನೇಯತಾರ ಅದನ್ನ?”

“ನಾ ನೇಯತೇನಿ,” ಎಂದ ಚನಮಲ್ಲಪ್ಪ.

ಎಲ್ಲರೂ ಅವನ ಕಡೆ ನೋಡಿದರು.

“ನೀವು? ಮೊಣಕಾಲ ಮಡಚಾಕ ಬರೂದಿಲ್ಲ ನಿಮಗ,” ಎಂದಳು ಅನಸವ್ವ.

“ಕುಣ್ಯಾಗ ಕಾಲ ಇಳಿಬಿಟ್ಟ ಕುಂದರೂದ ಅದು. ಮಡಚೂದೇನೈತಿ? ಅದಕ್ಕ ಕರೆಂಟ ಬೇಕಾಗಿಲ್ಲ, ಏನ ಬೇಕಾಗಿಲ್ಲ.” ಮುದುಕನ ದನಿ ಏರಿತು. “ನೋಡ, ನೀ ಆಗ ಹಿತ್ತಲ ಬಾಗಲಾ ಸುಟ್ಟಿ, ನಾ ಚಕಾರ ಎತ್ತಲಿಲ್ಲ. ಮಗ್ಗಾ ಸುಡಾಕ ಮಾತ್ರ ಕೊಡೂದಿಲ್ಲ.”

“ಯಾವ ಹಿತ್ತಲ ಬಾಗಲಾರಿ?” ಸಾತವ್ವ ಕೇಳಿದಳು.

“ಹಳೇ ಮಾತ ಯಾಕ ಈಗ,” ಎಂದು ಅನಸವ್ವ ಎದ್ದಳು.

ಚನಮಲ್ಲಪ್ಪ ಬಿಡಲಿಲ್ಲ. “ನೀ ತಾಯವ್ವನ್ನ ಹಡದ ವರ್ಷ ನೂಲ ಸಿಗದ ಎರಡ ತಿಂಗಳ ಮಗ್ಗಾ ನಿಂತಿತ್ತವ್ವಾ. ಏಳ ದಿನಕ್ಕ ಮನ್ಯಾಗಿನ ಕಟಿಗಿ, ಕುಳ್ಳ ಎಲ್ಲಾ ತೀರಿದವು. ಇಕಿ ನಾಲ್ಕ ಮನಿ ತಿರಗ್ಯಾಡಿ ಬಂದ್ಲು, ಎಲ್ಲಾರ ಮನ್ಯಾಗೂ ಅದ ಹಾಡು. ಬಂದಾಕಿನ ಹಿತ್ತಲ ಬಾಗಲಾ ಕಿತ್ತ ಕೊಡಲಿ ಹಾಕಿದ್ಲು. ನಾಲ್ಕ ದಿನಾ ನಿನಗ ನೀರ ಕಾಸಿದ್ದು ಆ ಬಾಗಲಾ.”

ಸಾತವ್ವನಿಗೆ ನೆನಪಾಯಿತು. ಮೂರು ವರ್ಷ ಆ ಜಾಗದಲ್ಲಿ ಗೋಣಿತಟ್ಟು ಜೋತುಬಿದ್ದಿತ್ತು. ಗೆದ್ದಲು ತಿಂದಿತೆಂದು ಅತ್ತೆ ಹೇಳಿದ್ದಳು. ನಾಯಿಗಳು ಒಳಗೆ ನುಗ್ಗಿದಾಗಲೆಲ್ಲ ಸಾತವ್ವ ಆ ಗೆದ್ದಲನ್ನು ಶಪಿಸಿದ್ದಳು.

ಅವಳು ಸಂಜೆ ಹಿತ್ತಲಲ್ಲಿ ಹೊರೆ ಇಳಿಸಿ, ಕಟ್ಟಿಗೆ ಮುರಿಯುತ್ತ ಕೂತ ಅತ್ತೆಯ ಪಕ್ಕ ತಾನೂ ಕೂತಳು.

“ಹೇಳಬೇಕಿತ್ತರಿ.”

“ಹೇಳಿದ್ರ ಏನ ಮಾಡ್ತಿದ್ದಿ?”

“ಎಂಟ ವರ್ಷ ಸಿಟ್ಟ ಇಟಗೋತಿದ್ದಿಲ್ಲ.”

ಅನಸವ್ವ ಕಟ್ಟಿಗೆ ಮುರಿಯುವುದನ್ನು ನಿಲ್ಲಿಸಲಿಲ್ಲ. “ಬಾಗಲಾ ಸುಟ್ಟ ಎರದೇನಿ ಅಂತ ಯಾವ ಬಾಯಿಲೆ ಹೇಳ್ಲಿ? ಹನ್ನೆರಡನೇ ದಿನಾ ಸುಡಾಕ ಇನ್ನೊಂದ ಬಾಗಲಾ ಇತ್ತು, ಮುಂದಿಂದು. ಅದಕ್ಕ ಕೈ ಹಚ್ಚಲಿಲ್ಲ ನಾ. ಓಣಿ ಮಂದಿ ಏನಂದಾರು ಅಂತ.” ಇನ್ನೊಂದು ಕಟ್ಟಿಗೆ ಮುರಿದು ಅಂದಳು: “ಮಗಳಾಗಿದ್ರ ಹಚ್ಚತಿದ್ನೇನೋ. ಖರೆ ಹೇಳಬೇಕಂದ್ರ ಅದ ನನ್ನ ಕೊರಿತೈತಿ.”

ಸಾತವ್ವ ಕಟ್ಟಿಗೆಯ ಒಂದು ಹಿಡಿಯನ್ನು ತನ್ನ ಕಡೆ ಎಳೆದುಕೊಂಡು ಮುರಿಯತೊಡಗಿದಳು. ಇಬ್ಬರೂ ಸೇರಿ ಹೊರೆ ಮುಗಿಸಿದರು.

ಪಡಸಾಲೆಯ ಮೂಲೆಯಲ್ಲಿ ಹಲಗೆ ಮುಚ್ಚಿ ಜೋಳದ ಚೀಲ ಇಟ್ಟಿದ್ದ ಮಗ್ಗದ ಕುಣಿ ಮತ್ತೆ ತೆರೆಯಿತು. ಪರಮಾನಂದ ತಂದೆಗೆ ಮಗ್ಗದ ಕಾಲು, ತೊಲೆ, ಹಲಗೆ ಒಂದೊಂದೇ ಇಳಿಸಿ ಕೊಟ್ಟ. ಮುದುಕ ಎಣ್ಣೆ ಸವರಿ, ಕೂಡಿಸಿ, ಹಗ್ಗ ಬಿಗಿದ. ನಾಲ್ಕನೆಯ ದಿನಕ್ಕೆ ಲಾಳಿ ಓಡಿತು. ಕರೆಂಟಿಲ್ಲದೆ ಸುಮ್ಮನಿದ್ದ ಓಣಿಯಲ್ಲಿ ಕಟಕ್-ಕಟಕ್ ಎಂಬ ಹಳೆಯ ಸದ್ದು ಕೇಳಿ ಅಕ್ಕಪಕ್ಕದ ಮುದುಕರು ಕೋಲೂರಿಕೊಂಡು ಬಂದು ಕಟ್ಟೆಯ ಮೇಲೆ ಕೂತರು. ಒಬ್ಬ, “ಚನಮಲ್ಲ, ಎಡಗಾಲ ಇನ್ನೂ ತಡಾ ಮಾಡತೈತಿ ನಿಂದು,” ಎಂದ. ಚನಮಲ್ಲಪ್ಪ, “ನಿಂದ ಕೈ ತಡಾ ಮಾಡತಿತ್ತು, ನೆನಪೈತೇನ?” ಎಂದ. ಅವರ ನಗು ಮಗ್ಗದ ಸದ್ದಿಗಿಂತ ಜೋರಾಯಿತು. ಆಮೇಲೆ ಅದೇ ಓಣಿಯಲ್ಲಿ ಇನ್ನೂ ಮೂರು ಕುಣಿಗಳು ತೆರೆದವು.

ಸೊಲ್ಲಾಪುರದ ಕಡೆ ಕೈಮಗ್ಗದ ಸೀರೆಗೆ ಇನ್ನೂ ಗಿರಾಕಿ ಇತ್ತು. ನೂಲು ಕೊಡುತ್ತಿದ್ದ ಸಾವಕಾರ ಮೂರು ದಿನಕ್ಕೊಂದು ಸೀರೆ ತೆಗೆದುಕೊಳ್ಳಲು ಒಪ್ಪಿದ. ಆ ಕೂಲಿ ದೊಡ್ಡದೇನಲ್ಲ. ಆದರೆ ಅದರಿಂದ ವಾರಕ್ಕೆರಡು ಸಲ ತಲೆಹೊರೆ ಜಾಲಿ ಕಟ್ಟಿಗೆ ಬಾಗಿಲಿಗೆ ಬಂತು. ಚನಮಲ್ಲಪ್ಪ ಅದನ್ನು ತಾನೇ ಹಿತ್ತಲಿಗೆ ಒಯ್ದು ಒಟ್ಟುತ್ತಿದ್ದ.

ಮಗ್ಗ ಇಳಿಸಿದ ದಿನವೇ ಲಗಮವ್ವ ಮತ್ತೆ ಎರೆದುಕೊಳ್ಳಲು ಒಪ್ಪಿದ್ದಳು, ಒಂದು ಕರಾರಿನ ಮೇಲೆ. “ವೈನಿ ಹೊಲಕ್ಕ ಹೋಗಬಾರದು.”

“ಹತ್ತಿ ಹೊಲ ತೀರಲಿ, ನಾನ ಬಿಡತೇನಿ,” ಎಂದಳು ಸಾತವ್ವ. ಇನ್ನೂ ಎಂಟು ದಿನ ಹೋದಳು. ಬೊಬ್ಬೆಗಳು ಗಟ್ಟಿಯಾಗಿ ಅಂಗೈ ಚರ್ಮ ಹೊಲದ ಕೂಲಿಯವರದ್ದರಂತಾಯಿತು. ಸೊಂಟ ಮಾತ್ರ ಬಗ್ಗಿದರೆ ಏಳುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಆದರೆ ಬಾವಿಯಿಂದ ಕೊಡ ಎತ್ತುವಾಗ ಅವಳು ಹಲ್ಲು ಕಚ್ಚುವುದನ್ನು ಅನಸವ್ವ ಎರಡು ಸಲ ನೋಡಿದಳು.

ಇಪ್ಪತ್ತೊಂಬತ್ತನೆಯ ದಿನ ಮುದಕವ್ವ ಲಗಮವ್ವನಿಗೆ ಎರೆದು ಮುಗಿಸಿ, ಕೂಸನ್ನು ಕಾಲ ಮೇಲೆ ಹಾಕಿಕೊಂಡಿದ್ದಳು. ಸಾತವ್ವ ಎಂದಿನಂತೆ ಬಚ್ಚಲು ತೊಳೆಯಲು ಪೊರಕೆ ಹಿಡಿದು ಬಂದಳು. ಬೇರೆ ದಿನ ಆ ಹೊತ್ತಿಗೆ ಖಾಲಿಯಾಗಿರುತ್ತಿದ್ದ ಹಂಡೆ ಅಂಚಿನವರೆಗೆ ತುಂಬಿ ಹಬೆಯಾಡುತ್ತಿತ್ತು. ಒಲೆಯಲ್ಲಿ ಜಾಲಿಯ ಎರಡು ದಪ್ಪ ಕೊರಡುಗಳಿದ್ದವು.

“ಪೊರಕಿ ಇಡು. ಬಾ, ಇಲ್ಲೆ ಕುಂದರು,” ಎಂದಳು ಅನಸವ್ವ. ಅವಳ ಕೈಯಲ್ಲಿ ಎಣ್ಣೆಯ ಬಟ್ಟಲಿತ್ತು.

“ಏನ್ರಿ ಅತ್ತಿ?”

“ಕುಂದರು ಅಂದೆ.”

ಸಾತವ್ವನಿಗೆ ತಿಳಿಯಿತು. ಅವಳಿಗೆ ನಾಚಿಕೆಯಾಗಿ ನಗು ಬಂತು. “ಎಂಟ ವರ್ಷ ಆತರಿ. ಈಗ ಎಂಥಾ ಬಾಣಂತನ?”

“ಸೊಂಟಕ್ಕ ವರ್ಷ ಗೊತ್ತಾಗತಾವೇನ? ಕುಂದರು. ನೀರ ಆರತೈತಿ.”

ಮುದಕವ್ವ ಕೂಸಿನ ಮೂಗು ತೀಡುತ್ತ ಅಂದಳು: “ಇಬ್ಬರ ಬಾಣಂತ್ಯಾರು ಅಂದ್ರ ನನಗ ಎರಡ ಸೀರಿ ಆಗಬೇಕ ಮತ್ತ, ಅನಸವ್ವ!”

“ಇಕಿಗೆ ನಾ ಎರೀತೇನಿ. ನೀ ಕೂಸ ಹಿಡಕೊಂಡ ಸುಮ್ಮ ಕುಂದರು.”

ಅನಸವ್ವನ ಕೈ ಮುದಕವ್ವನಷ್ಟು ಗಟ್ಟಿಯಿರಲಿಲ್ಲ. ಆದರೂ ಎಣ್ಣೆ ಹಚ್ಚಿ, ಕುತ್ತಿಗೆಯಿಂದ ಸೊಂಟದವರೆಗೆ ಮುಂಗೈಯಿಂದ ಒತ್ತಿ ತಿಕ್ಕಿದಳು. ಒಡೆದ ಅಂಗೈಗಳನ್ನು ತಿರುವಿ ನೋಡಿ ಅವಕ್ಕೂ ಎಣ್ಣೆ ಹಚ್ಚಿದಳು. ಆಮೇಲೆ ತಂಬಿಗೆಯ ಮೇಲೆ ತಂಬಿಗೆ. ಮೊದಲ ನೀರಿಗೆ ಸಾತವ್ವ “ಯವ್ವಾ!” ಎಂದು ಕಿರುಚಿದಳು. ಎರಡನೆಯದಕ್ಕೆ ಹೆಗಲು ಇಳಿಬಿಟ್ಟಳು. ಹತ್ತನೆಯದಕ್ಕೆ ತಲೆ ಮುಂದಕ್ಕೆ ಬಾಗಿ ಕೂದಲು ಮುಖವನ್ನು ಮುಚ್ಚಿತು. ಅದರ ಮರೆಯಲ್ಲಿ ಅವಳು ಅಳುತ್ತಿದ್ದರೂ ಯಾರಿಗೂ ತಿಳಿಯುವಂತಿರಲಿಲ್ಲ. ಅನಸವ್ವ ಹಂಡೆಯ ತಳ ಕಾಣುವವರೆಗೆ ಹಾಕಿದಳು.

ಲಗಮವ್ವ ತನ್ನ ಹೊರಸು ಬಿಟ್ಟು ಕೊಟ್ಟಳು. ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಅಜವಾನ ಉದುರಿಸಿ, ಕೌದಿ ಹೊದಿಸಿದರು. “ಇದೇನ ಹುಚ್ಚರಿ, ರೊಟ್ಟಿ ಬಡೀಬೇಕ ನಾ,” ಎನ್ನುತ್ತಲೇ ಸಾತವ್ವ ನಿದ್ದೆ ಹೋದಳು. ಮದುವೆಯಾಗಿ ಬಂದ ಮೇಲೆ ಹಗಲು ಹತ್ತು ಗಂಟೆಗೆ ಅವಳು ಮಲಗಿದ್ದು ಅದೇ ಮೊದಲು. ಪಕ್ಕದಲ್ಲಿ ತಾಯವ್ವ ಕೂತು ತಾಯಿಯ ಕಾಲ ಬೆರಳು ಎಳೆಯುತ್ತಿದ್ದಳು.

ಹನ್ನೊಂದಕ್ಕೆ ಕರೆಂಟು ಬರುವ ಹೊತ್ತು. ಪರಮಾನಂದ ಪೇಟೆಯಿಂದ ಅವಸರದಲ್ಲಿ ಬಂದವನು ಹೊಸ್ತಿಲಲ್ಲೇ, “ಕಂಡಿಕಿ ಎಲ್ಲೆದಾವ? ಚಾ...” ಎಂದು ಕೂಗಲು ಬಾಯಿ ತೆರೆದ.

ಅನಸವ್ವ ತುಟಿಯ ಮೇಲೆ ಬೆರಳಿಟ್ಟಳು. “ಒದರಬ್ಯಾಡೋ. ಬಾಣಂತಿ ಮಲಗ್ಯಾಳ.”

ಪರಮಾನಂದ ನೋಡಿದ. ತಂಗಿ ಲಗಮವ್ವ ತಲೆಗೆ ಬಟ್ಟೆ ಕಟ್ಟಿಕೊಂಡು ಅಡುಗೆಮನೆಯ ಬಾಗಿಲಿಗೆ ಒರಗಿ ಕೂಸಿಗೆ ಮೊಲೆಯೂಡುತ್ತಿದ್ದಳು. ಅವನು ಕೋಣೆಯೊಳಗೆ ಇಣುಕಿದ. ಹೊರಸಿನ ಮೇಲೆ ಕೌದಿಯೊಳಗಿಂದ ಹೆಂಡತಿಯ ಒದ್ದೆ ಕೂದಲು ಕಾಣಿಸಿತು. ಅವನು ಬಹಳ ಹೊತ್ತು ಅಲ್ಲೇ ನಿಂತ.

ಅಷ್ಟರಲ್ಲಿ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಂದೊಂದಾಗಿ ಬಡಿಯತೊಡಗಿದವು.

“ಮಗ್ಗಾ ಹಚ್ಚಲೋ ಬ್ಯಾಡೋ ಬೇ?” ಎಂದು ಮೆಲ್ಲಗೆ ಕೇಳಿದ.

“ಹಚ್ಚು, ಹಚ್ಚು. ಮಗ್ಗದ ಸಪ್ಪಳಕ್ಕ ನೇಕಾರ ಮನ್ಯಾಕಿಗೆ ಎಚ್ಚರ ಆಗತೈತೇನ? ಅದು ನಿಂತ್ರ ಎದ್ದ ಕುಂದರತಾಳ. ನೀ ಅಷ್ಟ ಚಾ ಚಾ ಅಂತ ಒದರಬ್ಯಾಡ.”

ಅವನು ಮಗ್ಗದ ಮನೆಗೆ ಹೋಗಿ ಗುಂಡಿ ಒತ್ತಿದ. ಅನಸವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೊಸೆಯ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತತೊಡಗಿದಳು. ಆರು ವರ್ಷದಿಂದ ಅವಳು ಆ ಕೆಲಸ ಮಾಡಿರಲಿಲ್ಲ, ಕಣ್ಣೂ ಮಂಜಾಗಿತ್ತು. ಎಳೆ ಮೇಲಿಂದ ಮೇಲೆ ಹರಿಯಿತು. ಹರಿದಾಗಲೊಮ್ಮೆ ಕೋಣೆಯ ಕಡೆ ನೋಡಿ, ಗಂಟು ಹಾಕಿ, ಮತ್ತೆ ರಾಟೆ ತಿರುವಿದಳು.